ಜಾಲಹಳ್ಳಿಯ ಸಿಲಿಕಾನ್ ಬಿಲ್ಲೆಗಳು: ಕಳೆದುಕೊಳ್ಳಬಾರದ ಒಂದು ವಿದ್ಯೆ

ಈ ಸಲದ ಬರಹ ತುಸು ಉದ್ದವಾಗಿದೆ, ವಿಷಯವೂ ತುಸು ಕಠಿಣವಾದದ್ದು. ಆದರೂ ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಬೆಂಗಳೂರಿಗೆ ‘ಸಿಲಿಕಾನ್ ಕಣಿವೆ’ ಎಂಬ ಹೆಸರು ಅಂಟಿಕೊಂಡು ಬಹಳ ವರ್ಷಗಳಾದವು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನು ಬಂದವರಿಗೆಲ್ಲ ತೋರಿಸಿ, ನಾವೂ ಆ ಹೆಸರನ್ನು ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೇವೆ. ಆದರೆ ಆ ಕಟ್ಟಡಗಳಲ್ಲಿ ದುಡಿಯುವ ಲಕ್ಷಾಂತರ ಮಂದಿಯಲ್ಲಿ ಸಿಲಿಕಾನ್ ಎಂಬ ಧಾತುವನ್ನು ಕಣ್ಣಾರೆ ಕಂಡು, ಚಿಮಟದಲ್ಲಿ ಹಿಡಿದು, ಕುಲುಮೆಗೆ ಇಟ್ಟು ತೆಗೆದವರು ಎಷ್ಟು ಜನ? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿಗೆ ಬಂದಂದಿನಿಂದ ಚಿಪ್‌ಗಳ ವಿನ್ಯಾಸ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಆ ವಿನ್ಯಾಸಗಳು ವಸ್ತುರೂಪ ತಾಳುವುದು ಮಾತ್ರ ಬಹುಮಟ್ಟಿಗೆ ಹೊರದೇಶಗಳಲ್ಲಿ. ವಿನ್ಯಾಸ ದೊಡ್ಡ ವಿದ್ಯೆಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಸ್ತುವನ್ನು ಮಾಡುವುದು ಬೇರೆಯೇ ಒಂದು ವಿದ್ಯೆ, ಅದೂ ಈ ಊರಿನಲ್ಲಿತ್ತು ಮತ್ತು ಇದೆ ಎಂಬುದನ್ನು ನಾವು ಮರೆತಿದ್ದೇವೆ.

ಅದು ಇರುವುದು ಊರಿನ ಇನ್ನೊಂದು ಮಗ್ಗುಲಿನಲ್ಲಿ, ತುಮಕೂರು ರಸ್ತೆಯ ಕಡೆ. ಪೀಣ್ಯದ ಕಾರ್ಖಾನೆಗಳ ನೆರೆಯ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ, ಅಂದರೆ ನಾವೆಲ್ಲ ಬಿಇಎಲ್ ಎಂದು ಕರೆಯುವ ಕಾರ್ಖಾನೆ ಇದೆ. ಅಲ್ಲಿ ತಯಾರಾದ ಸುಮಾರು 1000 ಸಿಲಿಕಾನ್ ಫಲಕಗಳು ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸ್ ಗಡಿಯ ಸರ್ನ್ ಪ್ರಯೋಗಾಲಯಕ್ಕೆ ಹೋಗಿ, ಜಗತ್ತಿನ ಅತಿ ದೊಡ್ಡ ಭೌತವಿಜ್ಞಾನದ ಯಂತ್ರದೊಳಗೆ ಕುಳಿತವು. ಈ ಸಂಗತಿ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿಲ್ಲ, ನಮ್ಮ ಮಾತುಕತೆಯಲ್ಲೂ ಇಲ್ಲ. ನಾನು ಹೇಳಹೊರಟಿರುವುದು ಇಷ್ಟೇ. ಈ ವಿದ್ಯೆ ಯಂತ್ರಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮನುಷ್ಯರ ಕೈಯಲ್ಲಿ ಇರುವಂಥದು. ಕೆಲಸ ನಿಂತರೆ ಕೈ ಮರೆಯುತ್ತದೆ. ಒಮ್ಮೆ ಮರೆತ ಮೇಲೆ ಎಷ್ಟು ಹಣ ಸುರಿದರೂ ಅದು ಬೇಗ ಮರಳಿ ಬಾರದು. ಆದುದರಿಂದ ಅದನ್ನು ಉಳಿಸಿಕೊಳ್ಳುವುದು ಸರ್ಕಾರದ ಹೊಣೆಯೂ ಹೌದು, ಶಿಕ್ಷಕರ ಮತ್ತು ತಂದೆತಾಯಿಗಳ ಹೊಣೆಯೂ ಹೌದು.

ಮೊದಲು ವಿಷಯವನ್ನು ತಿಳಿಯೋಣ. ಹತ್ತನೆಯ ತರಗತಿಯಲ್ಲಿ ಕಪ್ಪು ಹಲಗೆಯ ಮುಂದೆ ನಿಂತು ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ, ಬೇಸರಿಸಬೇಡಿ.

ಪರಮಾಣುವಿನ ನಡುವೆ ಬೀಜಕೇಂದ್ರ ಇದೆ, ಅದರಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳಿವೆ ಎಂದು ನೀವೆಲ್ಲ ಓದಿದ್ದೀರಿ. ಆ ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗೆ ಕ್ವಾರ್ಕ್‌ಗಳಿವೆ. ಅವನ್ನು ಒಟ್ಟಿಗೆ ಹಿಡಿದಿಡುವ ಅಂಟಿನ ಕಣಗಳಿಗೆ ಗ್ಲುಆನ್ ಎಂದು ಹೆಸರು. ಸಾಮಾನ್ಯ ಸ್ಥಿತಿಯಲ್ಲಿ ಕ್ವಾರ್ಕ್ ಎಂದೂ ಒಂಟಿಯಾಗಿ ಹೊರಬರುವುದಿಲ್ಲ. ಆದರೆ ವಿಶ್ವ ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ತಾಪ ಎಷ್ಟು ಹೆಚ್ಚಾಗಿತ್ತೆಂದರೆ ಪ್ರೋಟಾನ್‌ಗಳು ಇನ್ನೂ ರೂಪುಗೊಂಡಿರಲಿಲ್ಲ. ಕ್ವಾರ್ಕ್ ಮತ್ತು ಗ್ಲುಆನ್‌ಗಳು ಒಂದು ಕುದಿಯುವ ಸಾರಿನಂತೆ ಬೆರೆತುಕೊಂಡಿದ್ದವು. ಆ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಮತ್ತೆ ಒಂದು ಕ್ಷಣದ ಮಟ್ಟಿಗಾದರೂ ಉಂಟುಮಾಡಬೇಕಾದರೆ ಚಿನ್ನ, ಸೀಸಗಳಂಥ ಭಾರವಾದ ಧಾತುಗಳ ಬೀಜಕೇಂದ್ರಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಎದುರುಬದುರಾಗಿ ಡಿಕ್ಕಿ ಹೊಡೆಸಬೇಕು. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ 2000ದಲ್ಲಿ ಚಿನ್ನದ ಡಿಕ್ಕಿಗಳು ಆರಂಭವಾದವು. ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಎಲ್‌ಎಚ್‌ಸಿ ಯಂತ್ರದಲ್ಲಿ 2010ರ ನವೆಂಬರ್‌ನಲ್ಲಿ ಸೀಸದ ಡಿಕ್ಕಿಗಳು ಆರಂಭವಾದವು. ಆ ಕ್ಷಣದಲ್ಲಿ ಹುಟ್ಟುವ ತಾಪ ಸೂರ್ಯನ ಒಡಲಿನ ತಾಪಕ್ಕಿಂತ ಒಂದು ಲಕ್ಷ ಪಟ್ಟಿಗೂ ಅಧಿಕ. ಇದನ್ನೇ ಭಾರ ಅಯಾನುಗಳ ಭೌತವಿಜ್ಞಾನ ಎನ್ನುತ್ತಾರೆ.

ಈಗ ಕಷ್ಟ ಎಲ್ಲಿದೆ ನೋಡಿ. ಸೀಸದ ಎರಡು ಬೀಜಕೇಂದ್ರಗಳು ನೇರವಾಗಿ ಬಡಿದುಕೊಂಡಾಗ ಸಾವಿರಾರು ಕಣಗಳು ಒಮ್ಮೆಲೇ ಚಿಮ್ಮುತ್ತವೆ. ಕುದಿಯುವ ಆ ಸಾರನ್ನು ಯಾರೂ ನೇರವಾಗಿ ನೋಡಲಾರರು. ಅದು ಕಣ್ಣೆವೆ ಮುಚ್ಚುವುದಕ್ಕಿಂತ ಊಹಿಸಲಾರದಷ್ಟು ಬೇಗ ಆರಿಹೋಗುತ್ತದೆ. ಹೊರಗೆ ಹಾರಿಬಂದ ಒಂದೊಂದು ಕಣದ ದಾರಿಯನ್ನೂ ಹಿಂದಕ್ಕೆ ಎಳೆದು, ಅದು ಎಲ್ಲಿ ಹುಟ್ಟಿತು, ಎಷ್ಟು ವೇಗದಲ್ಲಿತ್ತು ಎಂದು ಲೆಕ್ಕಹಾಕಬೇಕು. ಮಳೆ ನಿಂತ ಮೇಲೆ ಅಂಗಳದ ಹಸಿ ಮಣ್ಣಿನಲ್ಲಿ ಗುಬ್ಬಚ್ಚಿಯ ಹೆಜ್ಜೆ ನೋಡಿ ಅದು ಎಲ್ಲಿಂದ ಬಂದಿತೆಂದು ಹೇಳುವ ಹಾಗೆ. ಒಂದು ಗುಬ್ಬಿಯಾದರೆ ಸುಲಭ. ಸಾವಿರ ಗುಬ್ಬಿಗಳು ಒಮ್ಮೆಲೇ ನಡೆದುಹೋದರೆ? ಆಗ ಒಂದು ಹೆಜ್ಜೆಯನ್ನು ಇನ್ನೊಂದರಿಂದ ಬೇರ್ಪಡಿಸುವಷ್ಟು ನುಣುಪಾದ ಮಣ್ಣು ಬೇಕಾಗುತ್ತದೆ. ಭೌತವಿಜ್ಞಾನಿಗಳಿಗೆ ಆ ನುಣುಪಾದ ಮಣ್ಣು ಎಂದರೆ ಸಿಲಿಕಾನ್.

ಸಿಲಿಕಾನ್ ಶೋಧಕ ಎಂಬುದು ಮೂಲತಃ ಒಂದು ಡಯೋಡ್. ನೀವು ಪುಸ್ತಕದಲ್ಲಿ ಗೀರಿ ತೋರಿಸುತ್ತಿದ್ದಿರಲ್ಲ, ಅದೇ ಪಿ-ಎನ್ ಸಂಧಿ. ಅದಕ್ಕೆ ವಿದ್ಯುತ್ತನ್ನು ತಿರುಗುಮುರುಗಾಗಿ ಕೊಟ್ಟರೆ ಒಳಗೆಲ್ಲ ಮುಕ್ತ ಎಲೆಕ್ಟ್ರಾನ್‌ಗಳಿಲ್ಲದ ಬರಿದಾದ ವಲಯ ಉಂಟಾಗುತ್ತದೆ. ವಿದ್ಯುದಾವೇಶವುಳ್ಳ ಕಣವೊಂದು ಆ ಬರಿದಾದ ವಲಯವನ್ನು ತೂರಿಹೋದರೆ ದಾರಿಯುದ್ದಕ್ಕೂ ಎಲೆಕ್ಟ್ರಾನ್‌ಗಳನ್ನು ಕೆದರಿ ಬಿಡಿಸುತ್ತದೆ. ಒಂದು ಜೋಡಿ ಬಿಡಿಸಲು 3.6 ಎಲೆಕ್ಟ್ರಾನ್ ವೋಲ್ಟ್ ಸಾಕು. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ದಪ್ಪದ ಸಿಲಿಕಾನಿನಲ್ಲಿ ಸುಮಾರು 25 ಸಾವಿರ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ಕೇಳಲು ದೊಡ್ಡ ಸಂಖ್ಯೆ, ಆದರೆ ವಿದ್ಯುತ್ತಿನ ಲೆಕ್ಕದಲ್ಲಿ ಇದು ಇಲ್ಲವೆಂದೇ ಹೇಳಬಹುದಾದಷ್ಟು ಅಲ್ಪ. ಆ ಅಲ್ಪ ಸದ್ದು ಕೇಳಿಸಬೇಕಾದರೆ ಫಲಕ ಪೂರ್ಣ ನಿಶ್ಶಬ್ದವಾಗಿರಬೇಕು. ತಾನಾಗಿ ಸೋರುವ ವಿದ್ಯುತ್ತು ತೀರ ಕಡಿಮೆ ಇರಬೇಕು. ಈ ನಿಶ್ಶಬ್ದವನ್ನು ಸಾಧಿಸುವುದೇ ತಯಾರಕನ ವಿದ್ಯೆ. ಫಲಕದ ಮೇಲ್ಮೈಯನ್ನು ಸಣ್ಣ ಪಟ್ಟಿಗಳನ್ನಾಗಿಯೋ ಚುಕ್ಕೆಗಳನ್ನಾಗಿಯೋ ವಿಂಗಡಿಸಿದರೆ ಯಾವ ಪಟ್ಟಿಯಲ್ಲಿ ಸದ್ದಾಯಿತೆಂಬುದರಿಂದ ಕಣ ಹಾದುಹೋದ ಜಾಗ ತಿಳಿಯುತ್ತದೆ.

ಈ ವಿದ್ಯೆ ಇಂದು ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ಒಂದು ಉದಾಹರಣೆ. ಭಾರ ಅಯಾನುಗಳಿಗಾಗಿಯೇ ಕಟ್ಟಿದ ಸರ್ನ್‌ನ ಆಲಿಸ್ ಪ್ರಯೋಗದ ಒಡಲಿನಲ್ಲಿ 2021ರಲ್ಲಿ ಹೊಸ ಪಥಶೋಧಕವನ್ನು ಕೂರಿಸಿದರು. ಏಳು ಪದರಗಳು, ಸುಮಾರು 10 ಚದರ ಮೀಟರ್ ಸಿಲಿಕಾನ್, 1250 ಕೋಟಿ ಚುಕ್ಕೆಗಳು. ಒಳಪದರಗಳಲ್ಲಿ ಚಿಪ್‌ನ ದಪ್ಪ 50 ಮೈಕ್ರಾನ್, ಅಂದರೆ ಸುಮಾರು ನಮ್ಮ ತಲೆಗೂದಲಿನಷ್ಟು. ಇಷ್ಟು ತೆಳುವೇಕೆಂದರೆ ಶೋಧಕ ದಪ್ಪವಾದಷ್ಟೂ ಹಾದುಹೋಗುವ ಕಣವನ್ನೇ ದಾರಿತಪ್ಪಿಸುತ್ತದೆ. ಅಳೆಯಹೋದವನೇ ಅಳತೆಯನ್ನು ಕೆಡಿಸಿದ ಹಾಗಾಗುತ್ತದೆ.

ಇನ್ನು ನಮ್ಮ ಜಾಲಹಳ್ಳಿಗೆ ಬರೋಣ. ಬಿಇಎಲ್ ಸ್ಥಾಪನೆಯಾದದ್ದು 1954ರಲ್ಲಿ, ಫ್ರಾನ್ಸ್ ದೇಶದ ಸಿಎಸ್‌ಎಫ್ ಕಂಪನಿಯ ಸಹಕಾರದಿಂದ. 1961ರಲ್ಲಿ ರೇಡಿಯೊ ವಾಲ್ವ್‌ಗಳು, 1962ರಲ್ಲಿ ಜರ್ಮೇನಿಯಂ ಸಾಧನಗಳು, 1967ರಲ್ಲಿ ಸಿಲಿಕಾನ್ ಸಾಧನಗಳು ಮತ್ತು ಐಸಿಗಳು ಅಲ್ಲಿ ತಯಾರಾಗತೊಡಗಿದವು. ನನ್ನ ತಲೆಮಾರಿನವರು ಸಂಜೆ ಕುಳಿತು ವಾರ್ತೆ ಕೇಳುತ್ತಿದ್ದ ರೇಡಿಯೊಗಳ ಹೊಟ್ಟೆಯಲ್ಲಿ ಆ ಕಾರ್ಖಾನೆಯ ಕೆಲಸಗಾರರ ಕೈ ಇತ್ತು. ಗಮನಿಸಬೇಕಾದದ್ದೆಂದರೆ, ಎಲೆಕ್ಟ್ರಾನಿಕ್ ಸಿಟಿಯ ಕನಸನ್ನು ಆರ್. ಕೆ. ಬಾಳಿಗರು ಕಂಡು, ಕಿಯೋನಿಕ್ಸ್ ಮೂಲಕ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ 1970ರ ದಶಕದ ಕೊನೆಯಲ್ಲಿ ಬಿತ್ತುವ ಹೊತ್ತಿಗೆ, ಊರಿನ ಉತ್ತರ ಭಾಗದಲ್ಲಿ ಸಿಲಿಕಾನ್ ಕುಲುಮೆ ಹತ್ತು ವರ್ಷ ಉರಿದಿತ್ತು.

ಎಲ್‌ಎಚ್‌ಸಿಯ ಸಿಎಂಎಸ್ ಎಂಬ ಪ್ರಯೋಗಕ್ಕೆ ‘ಪ್ರೀಶವರ್’ ಎಂಬ ಒಂದು ಭಾಗ ಬೇಕಾಗಿತ್ತು. ಒಂಟಿ ಬೆಳಕಿನ ಕಣ ಯಾವುದು, ಪಯಾನ್ ಎಂಬ ಕಣ ಒಡೆದು ಹುಟ್ಟಿದ ಅವಳಿ ಬೆಳಕಿನ ಕಣಗಳು ಯಾವುವು ಎಂದು ಬೇರ್ಪಡಿಸುವುದು ಅದರ ಕೆಲಸ. ಸೀಸದ ತಗಡಿನ ಹಿಂದೆ ಸಿಲಿಕಾನ್ ಫಲಕಗಳನ್ನು ಹರಡಿ ಅದನ್ನು ಕಟ್ಟುತ್ತಾರೆ. ಆದುದರಿಂದ ಇದು ಆಲಿಸ್‌ನಲ್ಲಿರುವಂಥ ಪಥಶೋಧಕವಲ್ಲ. ಆದರೆ ಪಟ್ಟಿಪಟ್ಟಿಯಾಗಿ ಸಿಲಿಕಾನನ್ನು ವಿಂಗಡಿಸಿ ಕಣದ ಜಾಗ ಗುರುತಿಸುವ ವಿದ್ಯೆ ಎರಡಕ್ಕೂ ಒಂದೇ. ಒಟ್ಟು 4,288 ಫಲಕಗಳು ಬೇಕಾಗಿದ್ದವು. ಅವುಗಳಲ್ಲಿ ಸುಮಾರು ಕಾಲುಭಾಗವನ್ನು ಭಾರತ ಒದಗಿಸಿತು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ವಿನ್ಯಾಸ ಮಾಡಿದರು, ಬಿಇಎಲ್‌ನವರು ತಯಾರಿಸಿದರು. 2009ರಲ್ಲಿ ಪ್ರೀಶವರ್ ಸಿಎಂಎಸ್‌ನೊಳಗೆ ಸೇರಿತು. ಮರುವರ್ಷ ಸೀಸದ ಬೀಜಕೇಂದ್ರಗಳ ಮೊದಲ ಡಿಕ್ಕಿಗಳನ್ನು ಸಿಎಂಎಸ್ ದಾಖಲಿಸಿದಾಗ ಜಾಲಹಳ್ಳಿಯ ಫಲಕಗಳು ಆ ಯಂತ್ರದೊಳಗೆ ಇದ್ದವು.

ಆ ಫಲಕದ ಅಳತೆಯನ್ನು ಕೇಳಿ. 63 ಮಿಲಿಮೀಟರ್ ಉದ್ದ, ಅಷ್ಟೇ ಅಗಲ, 320 ಮೈಕ್ರಾನ್ ದಪ್ಪ. ಅದರ ಮೇಲೆ 32 ಪಟ್ಟಿಗಳು, ಒಂದು ಪಟ್ಟಿಯ ನಡುವಿನಿಂದ ಇನ್ನೊಂದರ ನಡುವಿಗೆ 1.9 ಮಿಲಿಮೀಟರ್. ಇದನ್ನು ಮಾಡಿದ್ದು 4 ಅಂಗುಲ ವ್ಯಾಸದ ಬಿಲ್ಲೆಯ ಮೇಲೆ. ಗಣಿತ ಬಲ್ಲವರು ಕೂಡಲೇ ಲೆಕ್ಕಹಾಕಬಹುದು, ಒಂದು ಬಿಲ್ಲೆಯಲ್ಲಿ ಒಂದೇ ಫಲಕ ಹಿಡಿಸುತ್ತದೆ.

ನನ್ನ ಮಟ್ಟಿಗೆ ಇಡೀ ಕಥೆಯ ಮರ್ಮ ಇರುವುದು ಇಲ್ಲಿಯೇ. ಸಾಮಾನ್ಯ ಚಿಪ್ ಕಾರ್ಖಾನೆಯಲ್ಲಿ ಒಂದು ಬಿಲ್ಲೆಯಿಂದ ನೂರಾರು ಚಿಪ್‌ಗಳನ್ನು ಕತ್ತರಿಸುತ್ತಾರೆ. ಎಲ್ಲೋ ಒಂದು ಧೂಳಿನ ಕಣ ಕುಳಿತರೆ ಆ ಒಂದು ಚಿಪ್ ಕೆಡುತ್ತದೆ, ಅದನ್ನು ಎಸೆದು ಉಳಿದವನ್ನು ಮಾರುತ್ತಾರೆ. ಇಲ್ಲಿ ಹಾಗಲ್ಲ. ಇಡೀ ಬಿಲ್ಲೆಯೇ ಒಂದು ಸಾಧನ. ಮೂಲೆಯಲ್ಲಿ ಒಂದು ಗೀರು ಬಿದ್ದರೂ, ಆಮ್ಲಜನಕದ ಕುಲುಮೆಯಲ್ಲಿ ಪದರ ಬೆಳೆಯುವಾಗ ಒಂದು ಕಡೆ ದೋಷ ಉಂಟಾದರೂ, ನೂರಾರು ವೋಲ್ಟ್ ಕೊಟ್ಟಾಗ ಅಲ್ಲಿಂದಲೇ ವಿದ್ಯುತ್ತು ಸೋರತೊಡಗುತ್ತದೆ. ಇಡೀ ಫಲಕ ಅನುಮಾನಕ್ಕೆ ಬೀಳುತ್ತದೆ. ಮನುಷ್ಯನ ಬೆವರಿನಲ್ಲಿರುವ ಉಪ್ಪಿನ ಸೋಡಿಯಂ ಕೂಡ ಆ ಪದರಕ್ಕೆ ವಿಷ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ಹೇಳುತ್ತೇವೆ. ಇಲ್ಲಿ ಕೈ ಕೆಸರಾಗುವುದಿರಲಿ, ಬೆವರುವಂತೆಯೂ ಇಲ್ಲ. ಆದರೂ ಅದು ಕೈಕೆಲಸವೇ. ಸಾವಿರ ಸಲ ಹೀಗೆ ಕೆಡದಂತೆ ಮಾಡಬೇಕಾದರೆ ಪುಸ್ತಕದ ಜ್ಞಾನ ಸಾಲದು. ಯಾವ ಹಂತದಲ್ಲಿ ಎಷ್ಟು ಹೊತ್ತು ತೊಳೆಯಬೇಕು, ಕುಲುಮೆಯಿಂದ ಎಷ್ಟು ನಿಧಾನವಾಗಿ ಹೊರಗೆಳೆಯಬೇಕು, ಯಾವ ಹೊಳಪು ಕಂಡರೆ ಅನುಮಾನಪಡಬೇಕು ಎಂಬುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಹಾಡುತ್ತ ಹಾಡುತ್ತ ರಾಗ ಎಂದ ಹಾಗೆ.

ನನ್ನ ಬಳಿ ಓದಿದ ಒಬ್ಬ ಹುಡುಗಿ ಡಿಪ್ಲೊಮಾ ಮುಗಿಸಿ ಊರಿನ ಅಂಚಿನ ಒಂದು ಕಾರ್ಖಾನೆಯ ಇಂಥದೇ ಶುಭ್ರ ಕೊಠಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಕಾರ್ಖಾನೆಯ ಹೆಸರು ಇಲ್ಲಿ ಅನಗತ್ಯ. ಒಮ್ಮೆ ಮನೆಗೆ ಬಂದಾಗ ಹೇಳಿದಳು: “ಸಾರ್, ಹೊರಡುವಾಗ ಅಮ್ಮ ಮಲ್ಲಿಗೆ ಮುಡಿಸುತ್ತಾರೆ. ಗೇಟು ದಾಟಿದ ಮೇಲೆ ತೆಗೆದಿಡುತ್ತೇನೆ. ಪೌಡರ್ ಹಚ್ಚುವಂತಿಲ್ಲ, ಕಾಡಿಗೆ ಇಲ್ಲ, ಬಳೆ ಇಲ್ಲ. ಕಣ್ಣು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡು ಎಂಟು ಗಂಟೆ ನಿಲ್ಲಬೇಕು. ಮನೆಯಲ್ಲಿ ಏನು ಕೆಲಸ ಎಂದು ಕೇಳಿದರೆ ಕುಲುಮೆ ನೋಡಿಕೊಳ್ಳುತ್ತೇನೆ ಅಂತೀನಿ, ಕಮ್ಮಾರನ ಕೆಲಸವೇ ಅಂತ ನಗುತ್ತಾರೆ.” ಅವಳ ಕೈಯಲ್ಲಿ ಕೆಡುವ ಬಿಲ್ಲೆಗಳು ತೀರ ಕಡಿಮೆ ಎಂದು ಮೇಲಿನವರು ಮೆಚ್ಚುತ್ತಿದ್ದರಂತೆ. ಎಂಟು ವರ್ಷಗಳ ಮೇಲೆ ಅವಳು ಆ ಕೆಲಸ ಬಿಟ್ಟಳು. ವೈಟ್‌ಫೀಲ್ಡ್ ಕಡೆಯ ಒಂದು ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕಿತು, ಸಂಬಳ ಹೆಚ್ಚೂಕಡಿಮೆ ಇಮ್ಮಡಿ. ಅವಳು ಮಾಡಿದ್ದು ಸರಿ. ಇಬ್ಬರು ಮಕ್ಕಳ ತಾಯಿ, ಬಾಡಿಗೆ ಮನೆ, ಬೇರೇನು ಮಾಡಿಯಾಳು? ಆದರೆ ಅವಳೊಡನೆ ಎಂಟು ವರ್ಷಗಳ ಕೈಚಳಕವೂ ಹೊರಟುಹೋಯಿತು. ಅದನ್ನು ಅವಳು ಯಾರಿಗೂ ಬರೆದು ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಹೀಗೆ ಹೋಗುವ ವಿದ್ಯೆಗೆ ಯಾವ ಲೆಕ್ಕಪತ್ರದಲ್ಲೂ ಕಾಲಂ ಇಲ್ಲ.

ಜಾಲಹಳ್ಳಿಯ ಫಲಕಗಳು ಮಾತ್ರವಲ್ಲ, ಎಲ್‌ಎಚ್‌ಸಿಗೆ ನಮ್ಮ ಊರು ಕೊಟ್ಟದ್ದು ಇನ್ನೂ ಇದೆ. ಆ ಸುರಂಗದಲ್ಲಿ 30 ಟನ್ನಿಗೂ ಮೀರಿದ ತೂಕದ ಅಯಸ್ಕಾಂತಗಳನ್ನು ಕೂದಲೆಳೆಯಷ್ಟು ನಿಖರವಾಗಿ ಸರಿಸಿ ನಿಲ್ಲಿಸುವ ಜ್ಯಾಕುಗಳು ಬೇಕಾಗಿದ್ದವು. 7,000ದಷ್ಟು ಜ್ಯಾಕುಗಳನ್ನು ಭಾರತವೇ ಒದಗಿಸಿತು. ಅವನ್ನು ತಯಾರಿಸಿದ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಅವಸರಾಲ, ಇನ್ನೊಂದು ಇಂದೋರಿನದು. ಅನಿಲ ತುಂಬಿದ ಶೋಧಕಗಳಿಗೆ ಬೇಕಾದ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಜಿಇಎಂ ಹಾಳೆಗಳನ್ನು ಬೆಂಗಳೂರಿನ ಮೈಕ್ರೋಪ್ಯಾಕ್ ಎಂಬ ಸಂಸ್ಥೆ ಸರ್ನ್‌ನಿಂದ ಕಲಿತು ಮಾಡಿದೆ. ಯೂರೋಪಿನವರು ನಮ್ಮಿಂದ ಕೇವಲ ತಂತ್ರಾಂಶವನ್ನಲ್ಲ, ಉಕ್ಕು, ತಾಮ್ರ ಮತ್ತು ಸಿಲಿಕಾನಿನ ಕೆಲಸವನ್ನೂ ಬೇಡಿ ಪಡೆದರು ಎಂಬುದು ಸಣ್ಣ ಮಾತಲ್ಲ. 2002ರಲ್ಲಿ ಸರ್ನ್‌ನಲ್ಲಿ ವೀಕ್ಷಕ ಸ್ಥಾನ, 2017ರಲ್ಲಿ ಸಹಸದಸ್ಯ ಸ್ಥಾನ ನಮಗೆ ಸಿಕ್ಕಿದ್ದರ ಹಿಂದೆ ಈ ಕೈಗಳ ದುಡಿಮೆಯೂ ಇದೆ. ಭಾರ ಅಯಾನುಗಳ ಕ್ಷೇತ್ರದಲ್ಲಿ ಭಾರತಕ್ಕೆ ಹೆಸರು ತಂದ ದಿವಂಗತ ಬಿಕಾಶ್ ಸಿನ್ಹಾ ಮುಂತಾದವರು ಇಲ್ಲೇ ಕಟ್ಟಿದ ಶೋಧಕಗಳನ್ನು ಹೊತ್ತೊಯ್ದು ಆ ಬಾಗಿಲು ತಟ್ಟಿದರು. ಬರಿಗೈಯಲ್ಲಿ ಹೋಗಿದ್ದರೆ ಅತಿಥಿಗಳಾಗಿ ಕೂರಬೇಕಾಗಿತ್ತು.

ಹಾಗಾದರೆ ಈಗ ಏಕೆ ಈ ಚಿಂತೆ ಎಂದು ನೀವು ಕೇಳಬಹುದು. ಕಾರಣವಿದೆ. ಎಲ್‌ಎಚ್‌ಸಿಗೆ 2026ಕ್ಕೆ ನಿಗದಿಯಾದ ಮೂರನೆಯ ದೀರ್ಘ ವಿರಾಮದಲ್ಲಿ ಸಿಎಂಎಸ್‌ನ ಎರಡೂ ತುದಿಗಳನ್ನು ಕಳಚಿ ಹೊಸದನ್ನು ಕಟ್ಟುವ ಯೋಜನೆ ಇದೆ. ಅದರೊಡನೆ ಪ್ರೀಶವರ್, ಅದರ ನಮ್ಮ ಸಾವಿರ ಫಲಕಗಳೂ ನಿವೃತ್ತಿ ಹೊಂದುತ್ತವೆ. ಅವುಗಳ ಜಾಗಕ್ಕೆ ಬರುವ ಹೊಸ ಶೋಧಕದಲ್ಲಿ ಸುಮಾರು 600 ಚದರ ಮೀಟರ್ ಸಿಲಿಕಾನ್ ಇರುತ್ತದೆ. ಅದು 8 ಅಂಗುಲದ ಬಿಲ್ಲೆಗಳಿಂದ ಮಾಡಿದ ಆರು ಮೂಲೆಗಳ ಫಲಕಗಳ ರೂಪದಲ್ಲಿ. ಆ ಫಲಕಗಳನ್ನು ತಯಾರಿಸುವುದು ಜಪಾನಿನ ಹಮಾಮಾತ್ಸು ಕಂಪನಿ. ಎಂದರೆ, ಹಿಂದಿನ ಸಲ ಕಾಲುಭಾಗ ಕೊಟ್ಟ ನಾವು ಈ ಸಲ ಮುಖ್ಯ ತಯಾರಕರ ಪಂಕ್ತಿಯಲ್ಲಿ ಇಲ್ಲ. ಹಮಾಮಾತ್ಸುವಿನವರು ಮೇಲೆ ಬಂದದ್ದು ಅದೃಷ್ಟದಿಂದಲ್ಲ. ದಶಕಗಟ್ಟಲೆ ಒಂದು ಪ್ರಯೋಗದ ಬೆನ್ನಿಗೆ ಇನ್ನೊಂದು ಪ್ರಯೋಗಕ್ಕೆ ಅದೇ ಕೆಲಸ ಮಾಡುತ್ತ ಬಂದದ್ದರಿಂದ. ಅವರ ಕುಲುಮೆ ಆರಲಿಲ್ಲ.

ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದೂ ನಿಜ. ಆಲಿಸ್ ಪ್ರಯೋಗಕ್ಕೆ ಇದೇ ವಿರಾಮದಲ್ಲಿ ಸೇರಿಸಬೇಕೆಂದಿರುವ ಫೋಕಲ್ ಎಂಬ ಶೋಧಕ ಟಂಗ್‌ಸ್ಟನ್ ಮತ್ತು ಸಿಲಿಕಾನ್ ಪದರಗಳಿಂದ ಕೂಡಿದ್ದು. ಅದಕ್ಕಾಗಿ ನಮ್ಮ ದೇಶದ ಸಂಶೋಧಕರು ಬಿಇಎಲ್‌ನಲ್ಲಿ ಮಾದರಿ ಫಲಕಗಳನ್ನು ಮಾಡಿಸಿ, ಸರ್ನ್‌ನ ಕಣಪುಂಜಗಳ ಎದುರಿಗಿಟ್ಟು ಪರೀಕ್ಷಿಸಿದ್ದಾರೆ. ಜರ್ಮನಿಯ ಡಾರ್ಮ್‌ಸ್ಟಾಟ್ ಬಳಿಯ ಫೇರ್ ಎಂಬ ಭಾರ ಅಯಾನುಗಳ ಕೇಂದ್ರಕ್ಕೂ ಭಾರತ 2010ರಿಂದ ಪಾಲುದಾರ. ಕೆಲಸ ಬರುತ್ತಿದೆ, ಆದರೆ ಮಾದರಿಗಳ ರೂಪದಲ್ಲಿ, ಬಿಟ್ಟುಬಿಟ್ಟು ಬರುತ್ತಿದೆ. ಎರಡು ಆರ್ಡರುಗಳ ನಡುವೆ ಹತ್ತು ವರ್ಷ ಅಂತರವಿದ್ದರೆ ಮೊದಲನೆಯದನ್ನು ಮಾಡಿದವರು ಎರಡನೆಯದರ ಹೊತ್ತಿಗೆ ನಿವೃತ್ತರಾಗಿರುತ್ತಾರೆ.

ಹೀಗೆ ಕೈಬಿಟ್ಟು ಹೋದದ್ದಕ್ಕೆ ಉದಾಹರಣೆ ದೂರದಲ್ಲೇನೂ ಇಲ್ಲ, ನಮ್ಮ ಕೋಲಾರದಲ್ಲೇ ಇದೆ. 1965ರಲ್ಲಿ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ ವಿಜ್ಞಾನಿಗಳೊಡನೆ ಕಂಡುಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಗಣಿಯಲ್ಲೂ ಕಂಡಿತು. ಜಗತ್ತಿನಲ್ಲೇ ಮೊದಲ ಸಾಲಿನ ಸಾಧನೆ ಅದು. 1990ರ ದಶಕದ ಆರಂಭದ ಹೊತ್ತಿಗೆ ಅಲ್ಲಿಯ ಪ್ರಯೋಗಗಳು ನಿಂತವು, 2001ರಲ್ಲಿ ಗಣಿಯೂ ಮುಚ್ಚಿತು. ಮುಂದೆ ಭಾರತಕ್ಕೆ ನ್ಯೂಟ್ರಿನೊ ಪ್ರಯೋಗಾಲಯ ಬೇಕೆನಿಸಿದಾಗ ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ ಹೊಸ ಸುರಂಗ ಕೊರೆಯಲು 2015ರಲ್ಲಿ ಒಪ್ಪಿಗೆ ಸಿಕ್ಕಿತು. ಸ್ಥಳೀಯ ವಿರೋಧ, ಪರಿಸರದ ಪ್ರಶ್ನೆಗಳ ನಡುವೆ ಆ ಕೆಲಸ ಮೇಲೇಳಲಿಲ್ಲ. ಇದ್ದ ಆಳವನ್ನು ನೀರಿಗೆ ಬಿಟ್ಟು, ಇಲ್ಲದ ಆಳವನ್ನು ಹುಡುಕಿ ಹೊರಟೆವು. ಜಾಲಹಳ್ಳಿಯಲ್ಲೇ ಇದ್ದ ಎಚ್‌ಎಂಟಿ ಗಡಿಯಾರಗಳ ಕಥೆಯನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ನಮ್ಮ ಕುಟುಂಬದ ತರುಣರೊಬ್ಬರು ಈ ವಿಷಯ ಮಾತನಾಡುವಾಗ ನನ್ನನ್ನು ಕೇಳಿದರು: “ಚಿಕ್ಕಪ್ಪ, ವಿಶ್ವ ಹುಟ್ಟಿದಾಗ ಏನಿತ್ತು ಎಂದು ತಿಳಿದು ನಮಗೇನಾಗಬೇಕು? ಆಸ್ಪತ್ರೆಗೆ ಹಾಸಿಗೆ ಇಲ್ಲದ ದೇಶ ಇದು.” ಪ್ರಶ್ನೆ ನ್ಯಾಯವಾದದ್ದೇ, ತಳ್ಳಿಹಾಕತಕ್ಕದ್ದಲ್ಲ. ನನ್ನ ಉತ್ತರ ಎರಡು ಬಗೆಯದು. ಒಂದನೆಯದಾಗಿ, ಕಣ ಹಿಡಿಯುವ ಸಿಲಿಕಾನ್ ಡಯೋಡೇ ವಿಕಿರಣ ಅಳೆಯುವ ಕಿಸೆಯ ಮಾಪಕದಲ್ಲಿ ಇರುತ್ತದೆ. ಅಣುವಿದ್ಯುತ್ ಸ್ಥಾವರದ ಕೆಲಸಗಾರನ ಮತ್ತು ಕ್ಯಾನ್ಸರ್ ಆಸ್ಪತ್ರೆಯ ಸಿಬ್ಬಂದಿಯ ಜೀವ ಕಾಯುವುದು ಇಂಥ ಮಾಪಕಗಳೇ. ಅವನ್ನು ಕೊನೆಯವರೆಗೂ ಕೊಂಡೇ ತರಬೇಕೇ? ಎರಡನೆಯದಾಗಿ, ಇಂಥ ಕೆಲಸದಲ್ಲಿ ಒಂದು ಶಿಸ್ತು ಇದೆ. ‘ಹೆಚ್ಚೂಕಡಿಮೆ ಸರಿಯಾಗಿದೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಆ ಶಿಸ್ತನ್ನು ಕಲಿತ ಕೈ ಬೇರೆ ಯಾವ ಕೆಲಸಕ್ಕೆ ಹೋದರೂ ಅದನ್ನು ಹೊತ್ತೊಯ್ಯುತ್ತದೆ. ಹಾಸಿಗೆಯೂ ಬೇಕು, ಈ ಶಿಸ್ತೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕೈಬಿಟ್ಟರೆ ಎರಡೂ ಸಿಗುವುದಿಲ್ಲ ಎಂಬುದು ನನ್ನ ಅನುಭವ.

ಇನ್ನೊಂದು ವಾದವೂ ಇದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಯನ್ನು ಪ್ರಕಟಿಸಿತು. ಗುಜರಾತಿನ ಧೊಲೇರಾದಲ್ಲಿ ದೊಡ್ಡ ಕಾರ್ಖಾನೆಗೆ 2024ರಲ್ಲಿ ಒಪ್ಪಿಗೆ ದೊರೆಯಿತು. ಇನ್ನೇನು ಚಿಂತೆ ಎನ್ನುತ್ತಾರೆ. ಸಂತೋಷವೇ. ಆದರೆ ಲಕ್ಷಗಟ್ಟಲೆ ಒಂದೇ ಬಗೆಯ ಚಿಪ್ ಮಾಡುವ ಕಾರ್ಖಾನೆ ಸಾವಿರ ವಿಶೇಷ ಫಲಕಗಳಿಗಾಗಿ ತನ್ನ ಸಾಲನ್ನು ನಿಲ್ಲಿಸುವುದಿಲ್ಲ, ನಿಲ್ಲಿಸಬೇಕೆಂದು ನಿರೀಕ್ಷಿಸುವುದೂ ತಪ್ಪು. ಶೋಧಕಕ್ಕೆ ಬೇಕಾದ ಸಿಲಿಕಾನ್ ಕೂಡ ಬೇರೆ, ಅತಿ ಶುದ್ಧವಾದ, ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುವ ಬಗೆಯದು. ಮದುವೆಮನೆಯ ಅಡುಗೆಯವರಿಗೆ ಬಾಣಂತಿಯ ಪಥ್ಯ ಮಾಡಿಕೊಡಿ ಎಂದರೆ ಆಗುತ್ತದೆಯೇ? ಎರಡಕ್ಕೂ ಬೇರೆ ಬೇರೆ ಒಲೆ ಬೇಕು. ಸಣ್ಣ ಒಲೆಯನ್ನು ಆರದಂತೆ ಕಾಯ್ದುಕೊಳ್ಳಬೇಕಾದದ್ದು ಸರ್ಕಾರ, ಏಕೆಂದರೆ ಅದರಲ್ಲಿ ಲಾಭವಿಲ್ಲ.

ಇಷ್ಟು ಹೇಳಿದ ಮೇಲೆ ಏನು ಮಾಡಬೇಕು ಎಂದೂ ಹೇಳಬೇಕಲ್ಲವೆ? ನನಗೆ ತೋಚಿದ್ದು ಮೂರು.

ಮೊದಲನೆಯದು, ದೊಡ್ಡ ಪ್ರಯೋಗವಿಲ್ಲದ ವರ್ಷಗಳಲ್ಲೂ ಅಣುಶಕ್ತಿ ಇಲಾಖೆ ಮತ್ತು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳು ಪ್ರತಿ ವರ್ಷ ಒಂದಿಷ್ಟು ಫಲಕಗಳನ್ನು ಮಾಡಿಸಲಿ. ಅವು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಿಗೆ ಹೋಗಲಿ. ಬೆಂಕಿ ಆರದಿದ್ದರೆ ಸಾಕು, ಉರಿ ದೊಡ್ಡದಾಗುವ ಕಾಲ ಬಂದಾಗ ಸೌದೆ ಹಾಕಬಹುದು.

ಎರಡನೆಯದು, ನಿವೃತ್ತರಾಗುತ್ತಿರುವ ತಂತ್ರಜ್ಞರನ್ನು ಹಾರ ಹಾಕಿ ಮನೆಗೆ ಕಳುಹಿಸುವ ಮೊದಲು ಒಂದೆರಡು ವರ್ಷ ಅವರ ಪಕ್ಕದಲ್ಲಿ ಹೊಸಬರನ್ನು ನಿಲ್ಲಿಸಲಿ. ಅವರು ಹೇಳುವುದನ್ನು ಬರೆದಿಡಲಿ, ಕನ್ನಡದಲ್ಲೇ ಬರೆದಿಡಲಿ. ಅವರು ಕಲಿತದ್ದು, ಯೋಚಿಸಿದ್ದು ಬಹುಪಾಲು ಈ ಭಾಷೆಯಲ್ಲೇ. ಮತ್ತು ಶುಭ್ರ ಕೊಠಡಿಯ ಕುಶಲಕರ್ಮಿಗೆ ಕಚೇರಿಯ ಗುಮಾಸ್ತನಿಗಿಂತ ಕಡಿಮೆ ಸಂಬಳ ಕೊಟ್ಟು ದೇಶಭಕ್ತಿಯ ಮಾತನಾಡುವುದು ನಿಲ್ಲಲಿ.

ಮೂರನೆಯದು ನಮ್ಮ ಶಾಲೆಗಳಿಗೆ ಸಂಬಂಧಿಸಿದ್ದು, ನನಗೆ ಅತ್ಯಂತ ಹತ್ತಿರವಾದದ್ದು. ಅರೆವಾಹಕ ಎಂಬ ಪಾಠವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಸಿಲಿಕಾನ್ ಬಿಲ್ಲೆಯೊಂದನ್ನು ಮುಟ್ಟಿ ನೋಡಿದ ವಿದ್ಯಾರ್ಥಿ ಸಾವಿರಕ್ಕೊಬ್ಬ ಸಿಗುವುದೂ ಕಷ್ಟ. ಪ್ರತಿ ಕಾರ್ಖಾನೆಯಲ್ಲೂ ಪರೀಕ್ಷೆಯಲ್ಲಿ ತಪ್ಪಿಹೋದ ಬಿಲ್ಲೆಗಳು ಇದ್ದೇ ಇರುತ್ತವೆ. ಅವನ್ನು ಪೀಣ್ಯ, ದಾಸರಹಳ್ಳಿ, ಆನೇಕಲ್, ಹೊಸಕೋಟೆಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಒಂದೊಂದು ಕೊಡಲಿ. ಖರ್ಚೇನೂ ಇಲ್ಲ. ಅದರ ಕನ್ನಡಿಯಂಥ ಮೈಯಲ್ಲಿ ತನ್ನ ಮುಖ ನೋಡಿದ ಮಗುವಿಗೆ ‘ಇದು ಮರಳಿನಿಂದ ಬಂದದ್ದು, ಪಕ್ಕದ ಜಾಲಹಳ್ಳಿಯಲ್ಲಿ ಮಾಡಿದ್ದು, ಇದರ ಅಣ್ಣತಮ್ಮಂದಿರು ವಿಶ್ವದ ಹುಟ್ಟನ್ನು ಹುಡುಕಲು ಹೋಗಿದ್ದಾರೆ’ ಎಂದು ಶಿಕ್ಷಕರು ಹೇಳಿದರೆ, ಆ ಒಂದು ಪೀರಿಯಡ್ಡು ಹತ್ತು ಪುಟದ ನೋಟ್ಸಿಗಿಂತ ಮೇಲು.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳಾಗಿದ್ದೀರಿ, ಕೆಲವರು ಅಜ್ಜ ಅಜ್ಜಿಯರೂ ಆಗಿದ್ದೀರಿ. ಮಗ ಅಥವಾ ಮಗಳು ಡಿಪ್ಲೊಮಾ ಮಾಡಿ ಯಂತ್ರದ ಮುಂದೆ ನಿಲ್ಲುತ್ತೇನೆ ಎಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಕೋಡ್ ಬರೆಯುವವರಷ್ಟೇ ಅವರೂ ಬುದ್ಧಿವಂತರು. ನಿಮ್ಮಲ್ಲಿ ಯಾರಾದರೂ ಜಾಲಹಳ್ಳಿಯಲ್ಲೋ ಪೀಣ್ಯದಲ್ಲೋ ಇಂಥ ಕೆಲಸ ಮಾಡಿದ್ದರೆ, ದಯವಿಟ್ಟು ನಿಮ್ಮ ಅನುಭವವನ್ನು ನಾಲ್ಕು ಸಾಲಿನಲ್ಲಾದರೂ ಬರೆದು ಕಳುಹಿಸಿ. ಯಾವ ತಾಪದಲ್ಲಿ, ಎಷ್ಟು ಹೊತ್ತು, ಏನು ಕಂಡಿರಿ, ಏನು ಕೆಟ್ಟಿತು, ಹೇಗೆ ಸರಿಪಡಿಸಿದಿರಿ ಎಂಬುದೆಲ್ಲವೂ ಬೇಕು. ಕಾರ್ಖಾನೆಯ ಗುಟ್ಟುಗಳು ಬೇಡ, ಕೈಯ ನೆನಪುಗಳು ಸಾಕು. ಅವನ್ನೆಲ್ಲ ಒಂದು ಕಡೆ ಕೂಡಿಸಿ ಇಡುವ ಕೆಲಸವನ್ನು ನಾನು ಮಾಡುತ್ತೇನೆ. ಈ ವಯಸ್ಸಿನಲ್ಲಿ ನನ್ನಿಂದ ಆಗುವುದು ಅಷ್ಟು.

ಒಪ್ಪದವರು ಒಪ್ಪುವುದಿಲ್ಲವೆಂದೇ ಬರೆಯಿರಿ. ತರಗತಿಯಲ್ಲಿ ಕೈ ಎತ್ತಿದವರನ್ನು ನಾನು ಎಂದೂ ಕೂರಿಸಿದವನಲ್ಲ.

ಎಲ್ಲರಿಗೂ ಶುಭವಾಗಲಿ.